ಮೈನಸ್ 67ರಲ್ಲಿ ಕಾಡು ಉಂಟು, ಕಡಿಮೆ ಚಳಿಯಲ್ಲಿ ಮರವೇ ಇಲ್ಲ. ಇದೆಂತ ಲೆಕ್ಕ?

ಅಡಿಕೆತೋಟ_ಪೆರ್ಲ:
ಎಲ್ಲರಿಗೂ ನಮಸ್ಕಾರ. ಮಗಳು ಒಂಬತ್ತನೇ ಕ್ಲಾಸು, ಕನ್ನಡ ಮೀಡಿಯಂ. ಉತ್ತರ ಧ್ರುವದ ಬದಿಯ ಟಂಡ್ರಾ ಬಯಲಿನಲ್ಲಿ ಚಳಿ ಜೋರು, ಹಾಗಾಗಿ ಮರ ಬೆಳೆಯುವುದಿಲ್ಲ ಅಂತ ಪಾಠ ಆಗಿದೆ. ಇವಳು ಮೊಬೈಲ್ ಹಿಡಿದು ಕೂತು, ಸೈಬೀರಿಯಾದ ಒಯ್ಮ್ಯಾಕೋನ್ ಎಂಬ ಊರನ್ನು ಹುಡುಕಿ ತೆಗೆದಳು. 1933ರಲ್ಲಿ ಅಲ್ಲಿ ಮೈನಸ್ 67 ಡಿಗ್ರಿ ದಾಟಿದೆಯಂತೆ, ಆದರೆ ಸುತ್ತಲೂ ಕಾಡು! ನಾರ್ವೆಯ ತುತ್ತತುದಿಯ ವರ್ಡೋ ಬಂದರಿನಲ್ಲಿ ನಡು ಚಳಿಗಾಲದಲ್ಲೂ ಸಮುದ್ರ ಹೆಪ್ಪುಗಟ್ಟುವುದಿಲ್ಲ, ಅಲ್ಲಿ ನೋಡಿದರೆ ಬೋಳು ಗುಡ್ಡ. "ಚಳಿ ಜಾಸ್ತಿ ಇದ್ದಲ್ಲಿ ಮರ ಉಂಟು, ಕಡಿಮೆ ಇದ್ದಲ್ಲಿ ಇಲ್ಲ, ಹೇಗಪ್ಪಾ?" ಅಂತ ಕೇಳಿದರೆ ನಾನೆಂತ ಹೇಳುವುದು?

ಇನ್ನೊಂದು ನನ್ನದೇ ಸಂಶಯ. ಟಂಡ್ರಾದಲ್ಲಿ ವರ್ಷಕ್ಕೆ ಬೀಳುವುದು ಹೆಚ್ಚಿನ ಕಡೆ 250 ಮಿಲಿಮೀಟರಿಗೂ ಕಡಿಮೆ. ನಮ್ಮಲ್ಲಿ ಮೂರು ಸಾವಿರದ ಮೇಲೆ ಬಿದ್ದೂ ಮಾರ್ಚಿನಲ್ಲಿ ಬಾವಿಯ ತಳ ಕಾಣುತ್ತದೆ. ಅಲ್ಲಿ ಬೇಸಿಗೆಯಿಡೀ ಕೆಸರು, ಕೆರೆ, ಸೊಳ್ಳೆಯ ಮೋಡ. ನೀರು ಎಲ್ಲಿಂದ?

ಬಾಟನಿ_ಟೀಚರ್_ಬದಿಯಡ್ಕ:
ಮಗಳಿಗೆ ನನ್ನ ಕಡೆಯಿಂದ ಶಹಬ್ಬಾಸ್ ಹೇಳಿ. ಮರವನ್ನು ತಡೆಯುವುದು ಚಳಿಗಾಲ ಅಲ್ಲ, ಬಿಸಿ ಸಾಲದ ಬೇಸಿಗೆ.

ಒಯ್ಮ್ಯಾಕೋನಿನ ಕಾಡು ಲಾರ್ಚ್ ಮರದ್ದು. ಸೂಜಿ ಎಲೆಯ ಜಾತಿಯೇ ಆದರೂ ಪೈನಿನ ಹಾಗಲ್ಲ, ಚಳಿಗೆ ಮೊದಲೇ ಎಲೆ ಪೂರ್ತಿ ಉದುರಿಸುತ್ತದೆ. ಜೀವಕೋಶದೊಳಗಿನ ನೀರು ಹೊರಗಿನ ಸಂದಿಗೆ ಸರಿದು ಅಲ್ಲಿ ಮಂಜುಗಡ್ಡೆ ಆಗುತ್ತದೆ. ಒಳಗೆ ಉಳಿಯುವುದು ಸಕ್ಕರೆ ತುಂಬಿದ ಗಟ್ಟಿ ರಸ. ಕೋಶ ಒಡೆಯುವುದಿಲ್ಲ. ಅಷ್ಟು ತಯಾರಿ ಇರುವ ಮರಕ್ಕೆ ಮೈನಸ್ 40 ಆದರೂ ಒಂದೇ, 60 ಆದರೂ ಒಂದೇ.

ಬೇಸಿಗೆ ಬಂದಾಗ ಅಲ್ಲಿ ಸೆಕೆ! ಅದೇ ಸೀಮೆಯ ವೆರ್ಖೊಯಾನ್ಸ್ಕ್‌ನಲ್ಲಿ 2020ರ ಜೂನ್ 20ಕ್ಕೆ 38 ಡಿಗ್ರಿ ದಾಖಲಾಗಿದೆ. ನಮ್ಮ ಏಪ್ರಿಲ್ ಬಿಸಿಲಿಗೆ ಏನೂ ಕಮ್ಮಿ ಇಲ್ಲ. ಸಮುದ್ರದ ಬದಿಯ ವರ್ಡೋದಲ್ಲಿ ಚಳಿಯೂ ಸಾಧಾರಣ, ಸೆಕೆಯೂ ಸಾಧಾರಣ, ಮೇಲಿಂದ ಗಾಳಿ. ಹಳೆಯ ಲೆಕ್ಕ ಒಂದುಂಟು: ವರ್ಷದ ಅತಿ ಬಿಸಿ ತಿಂಗಳ ಸರಾಸರಿ ಸುಮಾರು 10 ಡಿಗ್ರಿ ಮುಟ್ಟದ ಕಡೆ ಕಾಡು ನಿಲ್ಲುತ್ತದೆ. ಐದಾರು ಡಿಗ್ರಿಗಿಂತ ಕೆಳಗೆ ಎಲೆ ಆಹಾರ ತಯಾರಿಸಬಹುದು, ಆದರೆ ಅದರಿಂದ ಹೊಸ ಕಟ್ಟಿಗೆ ಬೆಳೆಯುವ ಕೆಲಸ ಹೆಚ್ಚುಕಡಿಮೆ ನಿಂತೇ ಹೋಗುತ್ತದೆ.

ಹಾಗಾದರೆ ಟಂಡ್ರಾದಲ್ಲಿ ಸಣ್ಣ ಗಿಡಗಳು ಹೇಗೆ ಬದುಕುತ್ತವೆ ಅಂತ ಮಗಳು ಕೇಳಿಯೇ ಕೇಳುತ್ತಾಳೆ. ಎತ್ತರದ ಮರದ ತಲೆ ಗಾಳಿಯಲ್ಲಿರುತ್ತದೆ, ಗಾಳಿಯಷ್ಟೇ ತಣ್ಣಗೆ. ನೆಲಕ್ಕೆ ಅಂಟಿದ ಗಿಡಕ್ಕೆ ಬಿಸಿಲು ಕಾಯಿಸಿದ ನೆಲದ ಬಿಸಿ ಸಿಗುತ್ತದೆ. ಆರ್ಕ್ಟಿಕ್ ವಿಲೋ ಹೆಸರಿಗೆ ವಿಲೋ, ಎತ್ತರ ಕೆಲವು ಬೆರಳು, ನೆಲದ ಮೇಲೇ ತೆವಳುತ್ತದೆ. ಸೈಲೀನ್ ಅಕೌಲಿಸ್ ಎಂಬ ಗಿಡ ದಿಂಬಿನ ಆಕಾರದಲ್ಲಿ ಒತ್ತೊತ್ತಾಗಿ ಬೆಳೆಯುತ್ತದೆ. ಸತ್ತ ಎಲೆಗಳನ್ನೂ ಬಿಡದೆ ಒಳಗೇ ಇಟ್ಟುಕೊಂಡು ಅದರಿಂದಲೇ ಮಣ್ಣು ಮಾಡಿಕೊಳ್ಳುತ್ತದೆ. ಬಿಸಿಲಿರುವಾಗ ಆ ದಿಂಬಿನ ಒಳಗೆ ಹೊರಗಿನ ಗಾಳಿಗಿಂತ ಹತ್ತು ಡಿಗ್ರಿಯಷ್ಟು ಬಿಸಿ ಹೆಚ್ಚಿರುವುದೂ ಉಂಟು.

ಈಗ ನೀರು. ಜುಲೈಯಲ್ಲಿ ನಿಮ್ಮ ಹತ್ತಿರದ ಪದವಿಗೆ, ಅಂದರೆ ಗುಡ್ಡದ ತಲೆಯ ಬೋಳು ಬಯಲಿಗೆ, ಮಗಳನ್ನು ಕರೆದುಕೊಂಡು ಹೋಗಿ. ಅಡಿಯಲ್ಲಿ ಮುರಕಲ್ಲು, ಮೇಲೆ ನಾಲ್ಕು ಬೆರಳು ಮಣ್ಣು, ಅದರಲ್ಲಿ ನೀರು ನಿಂತಿರುತ್ತದೆ. ಮರ ಇಲ್ಲ, ಗೇಣು ಮೀರದ ಗಿಡಗಳು. ಬಗ್ಗಿ ನೋಡಿದರೆ ಕೆಂಪು ಡ್ರಾಸೆರಾ, ಎಲೆಯ ರೋಮದ ತುದಿಯಲ್ಲಿ ಅಂಟು ಹನಿ, ಅದಕ್ಕೆ ಸಿಕ್ಕಿಬಿದ್ದ ನುಸಿ. ಮಣ್ಣಿನಲ್ಲಿ ಸಾರಜನಕ ಸಾಲದ್ದಕ್ಕೆ ಹುಳ ಹಿಡಿಯುವುದು. ಉತ್ತರದ ಜೌಗಿನಲ್ಲೂ ಡ್ರಾಸೆರಾ ಕುಲದ ಗಿಡ ಉಂಟು. ಅಲ್ಲಿ ತಣ್ಣಗಿನ ಒದ್ದೆ ಮಣ್ಣಿನಲ್ಲಿ ಕಸ ಬೇಗ ಕೊಳೆಯುವುದಿಲ್ಲ, ಹಾಗಾಗಿ ಗೊಬ್ಬರಕ್ಕೆ ಅದೇ ಬರ.

ಟಂಡ್ರಾದಲ್ಲಿ ಮುರಕಲ್ಲಿನ ಜಾಗದಲ್ಲಿ ಇರುವುದು ವರ್ಷವಿಡೀ ಕರಗದ ಹೆಪ್ಪುನೆಲ, ಪರ್ಮಾಫ್ರಾಸ್ಟ್. ಬೇಸಿಗೆಯಲ್ಲಿ ಮೇಲಿನ ಒಂದೆರಡು ಅಡಿ ಮಾತ್ರ ಕರಗುತ್ತದೆ. ನಮ್ಮ ಮುರಕಲ್ಲು ಸೋರುತ್ತದೆ, ಸೋರಿದ್ದು ಗುಡ್ಡದ ಹೊಟ್ಟೆಗೆ ಇಳಿಯುತ್ತದೆ, ಅದಕ್ಕೇ ಅಲ್ವಾ ನಾವು ಸುರಂಗ ಕೊರೆದು ನೀರು ತಂದದ್ದು. ಹೆಪ್ಪುನೆಲ ಒಂದು ಹನಿಯನ್ನೂ ಇಳಿಯಬಿಡುವುದಿಲ್ಲ. ಚಳಿಗೆ ಆವಿಯಾಗುವುದೂ ಕಡಿಮೆ. ಬಿದ್ದದ್ದು ಅಲ್ಲೇ ನಿಲ್ಲುತ್ತದೆ.

ಮಾಜಿ_ಫೌಜಿ_ಮುಳ್ಳೇರಿಯ:
ಲಡಾಖಿನಲ್ಲಿ ಡ್ಯೂಟಿ ಮಾಡಿದವ ನಾನು. ಟೀಚರ್ ಹೇಳಿದ ಕೆಸರು ಅಲ್ಲಿ ಹುಡುಕಬೇಡಿ ಮಾರಾಯ್ರೆ! ಲೇಹ್‌ಗೆ ವರ್ಷಕ್ಕೆ ಸುಮಾರು 100 ಮಿಲಿಮೀಟರ್ ಮಳೆ-ಹಿಮ. ವಿಲೋ, ಪಾಪ್ಲರ್ ಮರ ಇರುವುದು ಕಾಲುವೆ ಹೋದ ದಾರಿಯಲ್ಲಿ ಮಾತ್ರ, ಕಾಲುವೆಯಿಂದ ನಾಲ್ಕು ಹೆಜ್ಜೆ ಈಚೆ ಬರೀ ಜಲ್ಲಿ. ಮೇಲಿನ ಕಣಿವೆಗಳಲ್ಲಿ ಆ ದಿಂಬಿನ ಜಾತಿಯದ್ದೇ ಗಿಡ, ಕಲ್ಲಿನಷ್ಟು ಗಟ್ಟಿ. ಹೊಸಬರು ಬಂಡೆ ಅಂತ ಬೂಟುಕಾಲು ಇಡುವುದು ಮಾಮೂಲು.

ಪಶ್ಮೀನಾ ಆಡನ್ನು ಹತ್ತಿರದಿಂದ ನೋಡಬೇಕು. ಹೊರಗೆ ಉದ್ದ ಒರಟು ಕೂದಲು. ಬೆರಳು ಹಾಕಿ ಬಿಡಿಸಿದರೆ ಅಡಿಯಲ್ಲಿ ಹೊಗೆಯಷ್ಟು ನಯವಾದ ತುಪ್ಪಟ. ಚಳಿಗಾಲಕ್ಕೆ ಬೆಳೆದದ್ದು ಸೆಕೆ ಬರುವಾಗ ತಾನೇ ಸಡಿಲಾಗುತ್ತದೆ, ಚಾಂಗ್‌ಪಾ ಜನ ಬಾಚಿ ತೆಗೆಯುತ್ತಾರೆ.

ನೀಲಗಿರಿ_ಕನ್ನಡಿಗ:
ಊಟಿಯಿಂದ ಒಂದು ಮಾತು. ಡಿಸೆಂಬರ್-ಜನವರಿ ರಾತ್ರಿ ಇಲ್ಲಿ ಹುಲ್ಲಿನ ಮೇಲೆ ಬಿಳಿ ಹಿಮ ಕೂರುತ್ತದೆ. ಗುಡ್ಡದ ಮಡಿಕೆಗಳಲ್ಲಿ ಶೋಲಾ ಕಾಡು ದಟ್ಟವಾಗಿದ್ದರೂ ಹುಲ್ಲುಗಾವಲಿಗೆ ಹಬ್ಬುವುದು ಕಷ್ಟ. ಬಯಲಲ್ಲಿ ಮೊಳೆತ ಶೋಲಾ ಸಸಿಯನ್ನು ಆ ಹಿಮ ಸುಡುತ್ತದೆ. ಕೆಂಪು ಹೂವಿನ ರೋಡೋಡೆಂಡ್ರನ್ ಮಾತ್ರ ಹುಲ್ಲಿನ ನಡುವೆಯೂ ನಿಲ್ಲುತ್ತದೆ, ಅದರ ಬಳಗ ಹಿಮಾಲಯದ್ದು. ಹಾಗಾಗಿ ಚಳಿಗಾಲಕ್ಕೆ ಲೆಕ್ಕವೇ ಇಲ್ಲ ಅಂದರೆ ಒಪ್ಪುವುದಿಲ್ಲ ಟೀಚರ್.

ಬಾಟನಿ_ಟೀಚರ್_ಬದಿಯಡ್ಕ:
@ನೀಲಗಿರಿ ಒಪ್ಪಿದೆ. ಉಷ್ಣವಲಯದ ಮರಕ್ಕೆ ಲಾರ್ಚಿನ ವಿದ್ಯೆ ಗೊತ್ತಿಲ್ಲ, ಸೊನ್ನೆಯ ಹತ್ತಿರವೇ ಅದು ಸೋಲುತ್ತದೆ. ನಾನು ಹೇಳಿದ್ದು ಉತ್ತರದ ಮರಗಳ ಮಾತು.

ಅಡಿಕೆತೋಟ_ಪೆರ್ಲ:
ಟೀಚರೇ, ಅಣ್ಣಂದಿರೇ, ಉಪಕಾರ ಆಯ್ತು. ಪ್ರಾಣಿಗಳ ಕತೆ ಎಂತ? ಮತ್ತೆ ಮಗಳದ್ದು ಹೊಸ ಬಾಣ: ಬೇಸಿಗೆ ಸಾಲದ್ದೇ ತೊಂದರೆ ಅಂತಾದರೆ ಭೂಮಿ ಬಿಸಿಯಾದರೆ ಅಲ್ಲಿಗೆ ಒಳ್ಳೆಯದೇ ಅಲ್ವಾ ಅಂತ.

ಬಾಟನಿ_ಟೀಚರ್_ಬದಿಯಡ್ಕ:
ಹಕ್ಕಿಗಳಲ್ಲಿ ಹೆಚ್ಚಿನವು ಊರು ಬಿಡುತ್ತವೆ. ಚಳಿಗಾಲದಲ್ಲಿ ನಮ್ಮ ಕರಾವಳಿಗೆ ಬರುವ ಪೆಸಿಫಿಕ್ ಗೋಲ್ಡನ್ ಪ್ಲೋವರ್ ಮೊಟ್ಟೆ ಇಡುವುದು ಸೈಬೀರಿಯಾ, ಅಲಾಸ್ಕಾದ ಟಂಡ್ರಾದಲ್ಲಿ. ನೀವು ಬೈದ ಆ ಸೊಳ್ಳೆ, ನೊಣ, ಹುಳಗಳೇ ಅಲ್ಲಿ ಮರಿಹಕ್ಕಿಗಳ ಊಟ. ಲೆಮ್ಮಿಂಗ್ ಎಂಬ ಇಲಿ ಹಿಮದ ಅಡಿಯಲ್ಲಿ ಬಿಲ ಮಾಡಿ ಓಡಾಡುತ್ತದೆ, ಮೇಲೆ ಮೈನಸ್ 30 ಇದ್ದರೂ ಅಡಿಯಲ್ಲಿ ಅಷ್ಟು ಇರುವುದಿಲ್ಲ. ಆರ್ಕ್ಟಿಕ್ ನೆಲ ಅಳಿಲಿನದ್ದು ನಂಬಲು ಕಷ್ಟ: ಚಳಿನಿದ್ದೆಯಲ್ಲಿ ಅದರ ಮೈ ಬಿಸಿ ಮೈನಸ್ 2.9ರವರೆಗೆ ಇಳಿದದ್ದನ್ನು ಅಲಾಸ್ಕಾದಲ್ಲಿ ಅಳೆದಿದ್ದಾರೆ, ಆದರೂ ರಕ್ತ ಹೆಪ್ಪುಗಟ್ಟಿರಲಿಲ್ಲ.

ಹಿಮಸಾರಂಗ ಹಕ್ಕಿಗಳ ಹಾಗೆ ಉತ್ತರ ಬಿಟ್ಟು ಹೋಗುವುದಿಲ್ಲ. ಗೊರಸಿನಿಂದ ಹಿಮ ಕೆದಕಿ ಕಲ್ಲುಹೂ ತಿನ್ನುತ್ತದೆ. ಉಸಿರು ಬಿಡುವಾಗ ಮೂಗಿನ ಸುರುಳಿಯಲ್ಲೇ ಬಿಸಿಯನ್ನೂ ನೀರನ್ನೂ ವಾಪಸು ಹಿಡಿದಿಟ್ಟುಕೊಳ್ಳುತ್ತದೆ. ಕಣ್ಣಿನ ಒಳಪೊರೆ ಸಹ ಬೇಸಿಗೆಯಲ್ಲಿ ಬಂಗಾರದ ಬಣ್ಣ, ಕತ್ತಲ ಚಳಿಗಾಲದಲ್ಲಿ ನೀಲಿ.

ಬಾಣಕ್ಕೆ ಉತ್ತರ ಇದರಲ್ಲೇ ಉಂಟು. 2013ರ ನವೆಂಬರಿನಲ್ಲಿ ರಷ್ಯಾದ ಯಮಾಲ್‌ನಲ್ಲಿ ಚಳಿ ಸಡಿಲಾಗಿ ಹಿಮದ ಮೇಲೆ ಮಳೆ ಹೊಯ್ದಿತು. ಅದು ಗಟ್ಟಿ ಮಂಜುಗಡ್ಡೆಯ ಹೆಂಚಾಗಿ ಕೂತು, ಅಡಿಯ ಮೇವಿಗೆ ಗೊರಸು ಇಳಿಯಲಿಲ್ಲ. ಸುಮಾರು 61,000 ಹಿಮಸಾರಂಗ ಹಸಿವಿನಿಂದ ಸತ್ತವು. ಹಿಮಮೊಲ ಬಿಳಿ ಬಣ್ಣಕ್ಕೆ ತಿರುಗುವುದು ಹಗಲಿನ ಉದ್ದ ನೋಡಿ, ಹಿಮ ನೋಡಿ ಅಲ್ಲ. ಹಿಮ ತಡವಾದರೆ ಕಂದು ನೆಲದಲ್ಲಿ ಬಿಳಿ ಮೊಲ, ನರಿಗೆ ಸಲೀಸು. ಮರಗಳು ಕೆಲವು ಕಡೆ ಉತ್ತರಕ್ಕೆ ಸರಿಯುತ್ತಿವೆ, ಸುಳ್ಳಲ್ಲ. ಆದರೆ ಹೆಪ್ಪುನೆಲ ಕರಗಿದಲ್ಲಿ ಬೇರಿನಡಿಯ ನೆಲವೇ ಕುಸಿದು ಇದ್ದ ಮರಗಳೂ ಕುಡುಕರ ಹಾಗೆ ವಾಲುತ್ತವೆ. ಕರಗಿದ ನೆಲದಿಂದ ಬರುವ ಮೀಥೇನಿನ ವಿಷಯ ಇದಕ್ಕಿಂತ ದೊಡ್ಡದು, ಅದಕ್ಕೆ ಬೇರೆ ಥ್ರೆಡ್ ಹಾಕಿ, ಇಲ್ಲಿ ಬೆರೆಸಿದರೆ ಗೋಜಲು.