ಲಕ್ವಾ ಆದವರು ‘ಬಿಪಿ ನಾರ್ಮಲ್ ಬಂತು’ ಅಂತ ಮಾತ್ರೆ ನಿಲ್ಲಿಸಿದರೆ ಹೇಗೆ ತಿಳಿಹೇಳುವುದು?

ಮನೆಭೇಟಿ ಫಿಸಿಯೊ:
ವ್ಯಾಯಾಮ ತಪ್ಪಿಸುವುದಿಲ್ಲ, ಎಣ್ಣೆ ತಿಕ್ಕುವುದೂ ತಪ್ಪುವುದಿಲ್ಲ. ಬಿಪಿ ಮಾತ್ರೆ ಮಾತ್ರ ಎರಡು ಮೂರು ತಿಂಗಳಿಗೆ ನಿಂತುಹೋಗುತ್ತದೆ. ‘ತಲೆನೋವಿಲ್ಲ, ತಲೆಸುತ್ತಿಲ್ಲ, ಮೊನ್ನೆ 128/80 ಇತ್ತು, ಇನ್ಯಾಕೆ? ಕಿಡ್ನಿ ಹಾಳಾಗ್ತದೆ’ ಎನ್ನುತ್ತಾರೆ. ಇನ್ನೊಂದು ಸಲ ಹೊಡೆದೀತು ಎಂದು ಹೆದರಿಸಿದರೂ ಕೇಳುವುದಿಲ್ಲ. ಏನು ಹೇಳಿದರೆ ನಾಟೀತು?

ಎನ್‌ಸಿಡಿ (ಬಿಪಿ, ಶುಗರ್‌ನಂಥ ಅಂಟದ ಕಾಯಿಲೆಗಳ) ನರ್ಸ್:
ಹೆದರಿಸಬೇಡಿ. ಲಕ್ವಾ ಕಂಡವರಿಗೆ ಭಯಕ್ಕೇನೂ ಕೊರತೆಯಿಲ್ಲ. ಆ ಭಯಕ್ಕೂ ಮಾತ್ರೆಗೂ ಇರುವ ನಂಟು ಕಂಡಿಲ್ಲ, ಅಷ್ಟೆ. ಕಾಣದಿರಲು ಅಮ್ಲೋಡಿಪಿನ್ ಎಂಬ ಬಿಪಿ ಮಾತ್ರೆಯ ಗುಣವೂ ಒಂದು ಕಾರಣ. ರಕ್ತದಲ್ಲಿ ಅದು ಅರ್ಧಕ್ಕೆ ಇಳಿಯಲು 30ರಿಂದ 50 ಗಂಟೆ ಹಿಡಿಯುತ್ತದೆ. ಹಾಗಾಗಿ ಬಿಟ್ಟ ಮರುದಿನ ನೋಡಿದರೂ ಬಿಪಿ ಅಷ್ಟೇನೂ ಏರಿರುವುದಿಲ್ಲ. ‘ಬಿಟ್ಟರೂ ನಾರ್ಮಲ್’ ಎಂಬ ನಂಬಿಕೆ ಬೇರುಬಿಡುವುದು ಅಲ್ಲೇ. ಆಮೇಲೆ ನಿಧಾನವಾಗಿ ಏರುವಾಗ ಯಾರೂ ಅಳೆಯುತ್ತಿರುವುದಿಲ್ಲ, ಮೈಗೂ ತಿಳಿಯುವುದಿಲ್ಲ. ಅಟೆನೊಲಾಲ್, ಕ್ಲೋನಿಡಿನ್ ಎಂಬ ಬಿಪಿ ಮಾತ್ರೆಗಳು ಹಾಗಲ್ಲ, ಒಮ್ಮೆಗೇ ಬಿಟ್ಟರೆ ಬಿಪಿ ಬೇಗ ಜಿಗಿಯಬಹುದು. ಆದ್ದರಿಂದ ‘ಬಿಟ್ಟು ನೋಡೋಣ’ ಎಂಬ ಪರೀಕ್ಷೆಯೇ ಬೇಡ.

ಕಿಡ್ನಿ ಮಾತು ಬಂದರೆ ಮೊದಲು ಅವರ ಪಾದ ನೋಡಿ. ಅಮ್ಲೋಡಿಪಿನ್‌ನಿಂದ ಕೆಲವರ ಪಾದ ಬಾಯುತ್ತದೆ, ಸಂಜೆ ಬೆರಳೊತ್ತಿದರೆ ಗುಳಿ ಬೀಳುತ್ತದೆ. ಅದನ್ನು ನೋಡಿ ಕಿಡ್ನಿ ಹೋಯಿತೆಂದು ಮನೆಯವರೇ ತೀರ್ಮಾನಿಸಿಬಿಡುತ್ತಾರೆ. ‘ಏನೂ ಆಗಲ್ಲ’ ಎಂದು ವಾದಿಸದೆ ಕಿಡ್ನಿ ಹೇಗಿದೆ ಎಂದು ಹೇಳುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಮಾಡಿಸಿ ಅಂಕಿ ತೋರಿಸಿ. ಬಾವು ಮಾತ್ರೆಯದೇ ಆಗಿದ್ದರೆ ಡಾಕ್ಟರು ಡೋಸ್ ಇಳಿಸಿ ಟೆಲ್ಮಿಸಾರ್ಟನ್ ಎಂಬ ಇನ್ನೊಂದು ಬಿಪಿ ಮಾತ್ರೆ ಸೇರಿಸಬಹುದು. ಕಿಡ್ನಿ ಕೆಡಿಸುವುದು ಹಿಡಿತಕ್ಕೆ ಬಾರದ ಬಿಪಿ.

ಒಂದು ನೋಟ್‌ಬುಕ್ ಇಡಿಸಿ. ಏಳು ದಿನ, ಬೆಳಿಗ್ಗೆ ಮಾತ್ರೆಗೆ ಮುಂಚೆ ಮತ್ತು ಸಂಜೆ, ನಿಮಿಷದ ಅಂತರದಲ್ಲಿ ಎರಡೆರಡು ಸಲ ಬಿಪಿ ಅಳೆದು ಬರೆಯಲಿ. ಮೂತ್ರಕ್ಕೆ ಹೋಗಿ ಬಂದು, ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿ 5 ನಿಮಿಷ ಮಾತಿಲ್ಲದೆ ಕೂರಬೇಕು. ಕಾಫಿ, ಬೀಡಿ, ಗುಟ್ಕಾ ಅರ್ಧ ಗಂಟೆ ಮೊದಲೇ ನಿಲ್ಲಬೇಕು. ಬಿಪಿ ಯಂತ್ರದ ಪಟ್ಟಿಯನ್ನು ಸರಿಯಾಗಿರುವ ಕೈಗೇ ಸುತ್ತಿ; ಲಕ್ವಾ ಆಗಿ ಬಿಗಿದ ಕೈ ತಪ್ಪು ಅಂಕಿ ಕೊಡುತ್ತದೆ. ಮೊದಲ ದಿನದ್ದು ಬಿಟ್ಟು ಸರಾಸರಿ ತೆಗೆಯಿರಿ. ಲಕ್ವಾ (ಸ್ಟ್ರೋಕ್) ಆದ ಹೆಚ್ಚಿನವರಿಗೆ ಗುರಿ 130/80ಕ್ಕಿಂತ ಕೆಳಗೆ. ಆ ಪುಟ ಮುಂದಿಟ್ಟು ‘ಇದು ಮಾತ್ರೆ ತಂದ ಅಂಕಿ’ ಎನ್ನಿ.

ಔಷಧಿ ಅಂಗಡಿ:
ಉಪ್ಪಿನ ಲೆಕ್ಕವನ್ನೂ ಕೇಳಿ. ‘ನಾವು ಕಡಿಮೆಯೇ ಹಾಕೋದು’ ಎಂದೇ ಎಲ್ಲರೂ ಹೇಳುವುದು. ಒಂದು ಕೆಜಿ ಪ್ಯಾಕೆಟ್ ಎಷ್ಟು ದಿನ ಬರುತ್ತದೆ ಕೇಳಿದರೆ ನಿಜ ಗೊತ್ತಾಗುತ್ತದೆ. ತಲೆಗೆ ದಿನಕ್ಕೆ 5 ಗ್ರಾಂ ಎಂದರೆ ನಾಲ್ಕು ಜನರಿಗೆ 50 ದಿನ ಬರಬೇಕು. ಉಪ್ಪಿನಕಾಯಿ, ಹಪ್ಪಳ ಇದ್ದರೆ ಇನ್ನೂ ಹೆಚ್ಚು ದಿನ. ಸೈಂಧವ ಲವಣವೂ ಬಹುಪಾಲು ಸೋಡಿಯಂ ಕ್ಲೋರೈಡೇ. ಕಡಿಮೆ ಸೋಡಿಯಂ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ; ಕಿಡ್ನಿ ತೊಂದರೆ ಇದ್ದರೆ ಅಥವಾ ಟೆಲ್ಮಿಸಾರ್ಟನ್ ತಿನ್ನುತ್ತಿದ್ದರೆ ಡಾಕ್ಟರನ್ನು ಕೇಳದೆ ಬಳಸಬೇಡಿ.

ಮಾತ್ರೆ ತಪ್ಪಿಸದಿದ್ದರೂ ಬಿಪಿ ಏರುತ್ತಿದ್ದರೆ ಮಂಡಿನೋವಿಗೆ ಡೈಕ್ಲೋಫೆನಾಕ್ ನುಂಗುತ್ತಿದ್ದಾರೋ, ದಿನಾ ಜ್ಯೇಷ್ಠಮಧು ಕಷಾಯ ಕುಡಿಯುತ್ತಿದ್ದಾರೋ ವಿಚಾರಿಸಿ. ಎರಡೂ ಬಿಪಿ ಏರಿಸುತ್ತವೆ. ನುಂಗಲು ಕಷ್ಟವೆಂದು ಮಾತ್ರೆ ಪುಡಿ ಮಾಡುವವರಿದ್ದಾರೆ. ಹೆಸರಿನ ಜೊತೆ ಎಸ್‌ಆರ್, ಇಆರ್, ಎಕ್ಸ್‌ಎಲ್ ಇದ್ದರೆ ಪುಡಿ ಮಾಡಬಾರದು, ದಿನವಿಡೀ ಇಳಿಯಬೇಕಾದ ಔಷಧಿ ಒಮ್ಮೆಗೇ ಇಳಿಯುತ್ತದೆ.

ಮನೆಭೇಟಿ ಫಿಸಿಯೊ:
ಪಾದ ನೋಡುವುದು ಹೊಳೆದಿರಲಿಲ್ಲ. ಲಕ್ವಾ ವಾಸಿಯಾಗಲೆಂದು ಪಾರಿವಾಳದ ರಕ್ತ ಹಚ್ಚುವ ಮನೆಗಳಲ್ಲಿ ಏನು ಹೇಳುವುದು?

ಎನ್‌ಸಿಡಿ ನರ್ಸ್:
ಅದರಿಂದ ಗುಣವಿಲ್ಲ ಎಂದು ನೇರವಾಗಿ ಹೇಳಿ, ಎಣ್ಣೆಗೆ ಮಾತ್ರ ಜಗಳ ಬೇಡ. ನಿಜವಾದ ನಷ್ಟ ಮತ್ತೆ ಹೊಡೆದ ದಿನ ಆಗುವುದು. ಬಾಯಿ ಸೊಟ್ಟಗಾದರೆ, ಕೈ ಬಿದ್ದರೆ, ಮಾತು ತೊದಲಿದರೆ 108ಕ್ಕೆ ಫೋನ್ ಮಾಡಿ ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೇ ಹೋಗಬೇಕು. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಲಕ್ಷಣ ಶುರುವಾದಾಗಿನಿಂದ ಇರುವುದು ನಾಲ್ಕೂವರೆ ಗಂಟೆ. ನೀರು ಕುಡಿಸಬಾರದು, ಬಿಪಿ ಜಾಸ್ತಿ ಕಂಡರೂ ನಾಲಿಗೆಯಡಿ ಮಾತ್ರೆ ಇಡಬಾರದು. ಕೊನೆಯದಾಗಿ ಚೆನ್ನಾಗಿದ್ದದ್ದು ಎಷ್ಟು ಗಂಟೆಗೆ ಎಂದು ಅದೇ ನೋಟ್‌ಬುಕ್ಕಿನಲ್ಲಿ ಬರೆದು ಜೊತೆಗೆ ಒಯ್ಯಲಿ.