ಸಹಾಯ ಬೇಕು: ಕ್ಲಾಟ್‌ಗೆ ಓದುತ್ತಿರುವ ತಂಗಿ ತುಂಬಾ ದಣಿದಿದ್ದಾಳೆ

ಎಲ್ಲರಿಗೂ ನಮಸ್ಕಾರ. ನಾವು ಕಲಬುರಗಿಯವರು. ತಂಗಿ ಸೆಕೆಂಡ್ ಪಿಯುಸಿ, ಜೊತೆಗೆ ಕ್ಲಾಟ್‌ಗೂ, ಅಂದರೆ ಲಾ ಕಾಲೇಜಿನ ಪ್ರವೇಶ ಪರೀಕ್ಷೆಗೂ, ಓದುತ್ತಿದ್ದಾಳೆ. 2 ಗಂಟೆಯಲ್ಲಿ 120 ಪ್ರಶ್ನೆ, ಎಲ್ಲಾ ಇಂಗ್ಲಿಷ್‌ನಲ್ಲಿ, ಉದ್ದುದ್ದ ಪ್ಯಾಸೇಜ್. ಇವಳು ಹತ್ತನೇ ತನಕ ಕನ್ನಡ ಮೀಡಿಯಂ. ತಪ್ಪಾದರೆ ಕಾಲು ಅಂಕ ಹೋಗುತ್ತದಲ್ವಾ, ಆ ಹೆದರಿಕೆಗೆ ಗೊತ್ತಿರುವ ಉತ್ತರವನ್ನೂ ಬಿಟ್ಟುಬಿಡುತ್ತಾಳೆ.

ನಿನ್ನೆ ರಾತ್ರಿ ಒಂದು ಗಂಟೆಗೆ ಎದ್ದು ನೋಡಿದೆ. ಸಂಜೆ ತೆರೆದಿದ್ದ ಪುಟವೇ ಮುಂದಿತ್ತು. ಪೆನ್ನು ಕೈಯಲ್ಲಿ, ಕಣ್ಣಲ್ಲಿ ನೀರು. ಪಕ್ಕದ ತಟ್ಟೆಯಲ್ಲಿ ರೊಟ್ಟಿ ಹಾಗೇ ಒಣಗಿತ್ತು. ನೋಡಿ ಕರುಳು ಚುರ್ ಅಂತು. ನಮ್ಮೂರಿನ "ಅಪ್ಪನ ಕೆರೆ" ಕಡೆ ಒಂದು ಸುತ್ತು ಹೋಗಿಬರೋಣ ಅಂದರೆ "ಟೈಮ್ ಹೋಗುತ್ತೆ ಅಕ್ಕಾ" ಅಂತಾಳೆ.

ಪರೀಕ್ಷೆ ಬರೆದವರು ದಯವಿಟ್ಟು ಹೇಳಿ. ವಾರಕ್ಕೆ ಎಷ್ಟು ಮಾಕ್ ಟೆಸ್ಟ್ ಸಾಕು? ಒಂದು ದಿನ ಪೂರ್ತಿ ರಜೆ ಕೊಟ್ಟರೆ ನಡೆಯುತ್ತಾ? ಹಳೆ ಪುಸ್ತಕ ಇದ್ದರೂ ತಿಳಿಸಿ, ನಾನೇ ಬಂದು ತೊಗೊಂಡು ಹೋಗುತ್ತೇನೆ.