ಮಗು ಮನೆಗೆ ಬರುವಷ್ಟರಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಎಸ್‌ಯುವಿ ಬೇಕು, ಯಾವುದನ್ನು ನೋಡಲಿ?

ತೀರ್ಥಹಳ್ಳಿ ಅಳಿಯ:

ಎಲ್ಲರಿಗೂ ನಮಸ್ಕಾರ. ನಮಗೆ ಮಗಳು ಹುಟ್ಟಿ ಮೂರು ತಿಂಗಳಾಯ್ತು. ಹೆಂಡತಿ ಬಾಣಂತನಕ್ಕೆ ತವರಿಗೆ ಹೋಗಿದ್ದಾಳೆ, ತೀರ್ಥಹಳ್ಳಿ ಹತ್ತಿರ. ನಾನು ಬೆಂಗಳೂರಿನಲ್ಲಿ. ಐದು ತಿಂಗಳು ತುಂಬಿದ ಮೇಲೆ ಇಬ್ಬರನ್ನೂ ಕರೆದುಕೊಂಡು ಬರಬೇಕು, ಜೊತೆಗೆ ಅತ್ತೆಯೂ ಮೂರ್ನಾಲ್ಕು ತಿಂಗಳು ನಮ್ಮ ಜೊತೆ ಇರಲು ಬರುತ್ತಾರೆ. ಇಷ್ಟು ದಿನ ನಮಗೆ ಸ್ಕೂಟರ್ ಸಾಕಾಗಿತ್ತು, ಇನ್ನು ಸಾಕಾಗಲ್ಲ.

ಕೈಯಲ್ಲಿರುವುದು 8 ಲಕ್ಷ. ಹೆಸರು ಬದಲಾವಣೆ, ಇನ್ಶೂರೆನ್ಸ್, ಬೇಕಾದರೆ ಟೈರು, ಎಲ್ಲಾ ಅದರಲ್ಲೇ ಆಗಬೇಕು. ದಿನಾ ಆಫೀಸಿಗೆ ಹೋಗಿ ಬರಲು 18 ಕಿಲೋಮೀಟರ್, ಪೂರ್ತಿ ಟ್ರಾಫಿಕ್. ತಿಂಗಳಿಗೊಮ್ಮೆ ಊರು. 2018ರಿಂದ 2021ರ ಒಳಗಿನ ನೆಕ್ಸಾನ್, ಬ್ರೆಝಾ, ಎಕ್ಸ್‌ಯುವಿ 300, ಸ್ವಲ್ಪ ಹಳೆಯ ಕ್ರೆಟಾ ನೋಡುತ್ತಿದ್ದೇನೆ. ಆಫೀಸಿನವರು ಕ್ರೆಟಾ ಅನ್ನುತ್ತಾರೆ, ಮಾವ ಮಾರುತಿ ಬಿಟ್ಟು ಬೇರೆ ಬೇಡ ಅನ್ನುತ್ತಾರೆ, ನನ್ನ ತಮ್ಮ ಮಲೆನಾಡಿನ ರಸ್ತೆಗೆ ಡೀಸೆಲ್ಲೇ ಸರಿ ಅನ್ನುತ್ತಾನೆ. ಅತ್ತೆಗೆ ಮಂಡಿ ನೋವು, ತೀರಾ ಕೆಳಗಿನ ಸೀಟಿಂದ ಏಳಲು ಕಷ್ಟ, ಅದಕ್ಕೇ ಎಸ್‌ಯುವಿ ಅಂತ ಯೋಚಿಸಿದ್ದು. ಮಕ್ಕಳಿರುವವರು ದಯವಿಟ್ಟು ಹೇಳಿ.

ಹಾಸನದ ಗ್ಯಾರೇಜ್:

ಮಗಳು ಹುಟ್ಟಿದ್ದು ಕೇಳಿ ಖುಷಿ ಆಯ್ತು ಸರ್. ಮೊದಲು ಡೀಸೆಲ್ ವಿಷಯ. ನಿಮ್ಮ ಓಡಾಟಕ್ಕೆ ಡೀಸೆಲ್ ಬೇಡ. 2020ರ ಏಪ್ರಿಲ್‌ನಿಂದ ಬಂದ ಬಿಎಸ್6 (ಹೊಗೆ ಕಡಿಮೆ ಮಾಡುವ ಹೊಸ ನಿಯಮದ) ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಅನ್ನುವ ಫಿಲ್ಟರ್ ಇರುತ್ತದೆ. ಅದು ತಾನೇ ಮಸಿಯನ್ನು ಸುಟ್ಟುಕೊಳ್ಳಬೇಕಾದರೆ ಗಾಡಿ ಹೈವೇಯಲ್ಲಿ ಒಂದಷ್ಟು ಹೊತ್ತು ಒಂದೇ ವೇಗದಲ್ಲಿ ಓಡಬೇಕು. ಸಿಗ್ನಲ್‌ನಿಂದ ಸಿಗ್ನಲ್‌ಗೆ ತೆವಳುವ ಗಾಡಿಯಲ್ಲಿ ಅದು ಕಟ್ಟಿಕೊಂಡು, ಲೈಟ್ ಹತ್ತಿ, ಪಿಕಪ್ ಹೋಗಿ ನನ್ನ ಹತ್ತಿರ ಬರುತ್ತದೆ. ಆಮೇಲೆ ಖರ್ಚು ಜಾಸ್ತಿ. ತಿಂಗಳಿಗೊಮ್ಮೆ ಊರಿಗೆ ಹೋಗಲು ಪೆಟ್ರೋಲ್ ಸಾಕು, ಘಾಟಿಯಲ್ಲಿ ಒಂದು ಗೇರ್ ಕಡಿಮೆ ಮಾಡಿಕೊಂಡರೆ ಆಯ್ತು.

ಗಾಡಿ ನೋಡಲು ಹೋಗುವ ಮುಂಚೆ, ನಾನು ಬರುವ ತನಕ ಸ್ಟಾರ್ಟ್ ಮಾಡಬೇಡಿ ಅಂತ ಮಾರುವವರಿಗೆ ಹೇಳಿ. ಹೋದ ತಕ್ಷಣ ಬಾನೆಟ್ ಮೇಲೆ ಕೈ ಇಡಿ. ಬಿಸಿ ಇದ್ದರೆ ಅವರು ಆಗಲೇ ಓಡಿಸಿ ಇಟ್ಟಿದ್ದಾರೆ ಅಂತ. ತಣ್ಣಗಿರುವ ಎಂಜಿನ್ ಸ್ಟಾರ್ಟ್ ಆಗುವಾಗಿನ ಸದ್ದು, ಹೊಗೆ ನೋಡಿದರೆ ಅರ್ಧ ವಿಷಯ ಗೊತ್ತಾಗುತ್ತದೆ. ಕೀ ತಿರುಗಿಸಿದಾಗ ಏರ್‌ಬ್ಯಾಗ್ ಲೈಟ್ ಹತ್ತಬೇಕು, ಸ್ವಲ್ಪ ಹೊತ್ತಿಗೆ ಆರಬೇಕು. ಹತ್ತಲೇ ಇಲ್ಲ ಅಂದರೂ ಅನುಮಾನ, ಆರಲೇ ಇಲ್ಲ ಅಂದರೂ ಅನುಮಾನ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ, 2319 ಅಂದರೆ 2019ರ 23ನೇ ವಾರದ್ದು. ಐದಾರು ವರ್ಷ ಮೀರಿದ್ದರೆ ಹೊಸ ಟೈರಿನ ದುಡ್ಡನ್ನು ರೇಟಲ್ಲಿ ಕಳೆದು ಮಾತಾಡಿ.

ಇನ್ನೊಂದು, ನೀರಲ್ಲಿ ಮುಳುಗಿದ ಗಾಡಿ. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಔಟರ್ ರಿಂಗ್ ರೋಡ್ ಕಡೆ ಮಳೆನೀರಲ್ಲಿ ಗಾಡಿಗಳು ಮುಳುಗಿದ್ದು ನಿಮಗೆ ನೆನಪಿರುತ್ತದೆ. ಸೀಟ್ ಬೆಲ್ಟನ್ನು ಕೊನೆ ತನಕ ಎಳೆದು ನೋಡಿ, ಮುಳುಗಿದ ಗಾಡಿಯಾದರೆ ಕೊನೆಯಲ್ಲಿ ಮಣ್ಣಿನ ಗೆರೆ ಕಾಣುತ್ತದೆ. ಒಳಗೆಲ್ಲಾ ತೊಳೆಯುವವರು ಅಲ್ಲಿ ತನಕ ತೊಳೆಯುವುದಿಲ್ಲ. ಸ್ಟೆಪ್ನಿ ಇಡುವ ಗುಂಡಿ, ಸೀಟಿನ ಕೆಳಗಿನ ಕಂಬಿ ನೋಡಿ, ತುಕ್ಕು ಹಿಡಿದಿದ್ದರೆ ಅಲ್ಲಿಂದಲೇ ವಾಪಸ್ ಬನ್ನಿ.

ಪುಟ್ಟಿ ಅಮ್ಮ:

ನಿಮ್ಮ ಪಟ್ಟಿಯಲ್ಲಿ ಎಲ್ಲಾ ಗಾಡಿ ಇವೆ, ಮಗುವಿನ ಸೀಟಿನ ಮಾತೇ ಇಲ್ಲ ಅಣ್ಣ. ನಾವೂ ಇದೇ ತಪ್ಪು ಮಾಡಿದ್ದೆವು. ಗಾಡಿ ತೆಗೆದುಕೊಂಡು ಆಮೇಲೆ ಸೀಟ್ ತಂದೆವು. ಹಾಕಿದರೆ ಮುಂದಿನ ಸೀಟನ್ನು ಪೂರ್ತಿ ಮುಂದಕ್ಕೆ ತಳ್ಳಬೇಕಾಯ್ತು, ನನ್ನ ಮಂಡಿ ಡ್ಯಾಶ್‌ಬೋರ್ಡಿಗೆ ತಾಗುತ್ತಿತ್ತು. ಎರಡು ವರ್ಷ ಹಾಗೇ ಓಡಾಡಿದೆವು.

ಈ ವಯಸ್ಸಿನ ಮಗುವಿನ ಸೀಟ್ ಹಿಂದಕ್ಕೆ ಮುಖ ಮಾಡಿ ಇರಬೇಕು. ಅದು ಓರೆಯಾಗಿ ಮಲಗಿದ ಹಾಗೆ ಇರುತ್ತದೆ, ತುಂಬಾ ಜಾಗ ತಿನ್ನುತ್ತದೆ. ಅದಕ್ಕೇ ಹೇಳುತ್ತೇನೆ, ಸೀಟನ್ನು ಮೊದಲು ಕೊಳ್ಳಿ. ಗಾಡಿ ನೋಡಲು ಹೋಗುವಾಗ ಅದನ್ನೂ ಹೊತ್ತುಕೊಂಡು ಹೋಗಿ. ಮಾರುವವರು ಏನಂದುಕೊಂಡರೂ ಪರವಾಗಿಲ್ಲ, ಅಲ್ಲೇ ಹಾಕಿ ನೋಡಿ. ಹಿಂದಿನ ಸೀಟಿನ ಸಂದಿಯಲ್ಲಿ ಕೈ ಹಾಕಿದರೆ ಮಗುವಿನ ಸೀಟನ್ನು ಸಿಕ್ಕಿಸುವ ಐಸೋಫಿಕ್ಸ್‌ನ ಎರಡು ಕಬ್ಬಿಣದ ಕೊಂಡಿ ಬೆರಳಿಗೆ ಸಿಗಬೇಕು. ಹಳೆಯ ಬೇಸ್ ಮಾಡೆಲ್‌ಗಳಲ್ಲಿ ಇರದೇ ಇರಬಹುದು, ಆಗ ಬೆಲ್ಟಲ್ಲಿ ಕಟ್ಟುವ ಸೀಟೇ ಬೇಕು. ಎಡಗಡೆ ಹಾಕಿ, ಇಳಿಸುವಾಗ ಫುಟ್‌ಪಾತ್ ಕಡೆ ಇರುತ್ತೀರಿ. ಮುಂದಿನ ಸೀಟಲ್ಲಿ ಏರ್‌ಬ್ಯಾಗ್ ಇರುವ ಕಡೆ ಮಾತ್ರ ಇದನ್ನು ಯಾವತ್ತೂ ಹಾಕಬೇಡಿ, ಏರ್‌ಬ್ಯಾಗ್ ಬಿಚ್ಚಿಕೊಂಡು ಹೊಡೆದರೆ ಮಗುವಿನ ತಲೆಗೇ ಹೊಡೆಯುತ್ತದೆ. ಮತ್ತೆ, ಸೀಟ್ ಮಾತ್ರ ಸೆಕೆಂಡ್ ಹ್ಯಾಂಡ್ ಬೇಡ. ಅದು ಯಾವ ಆಕ್ಸಿಡೆಂಟ್ ನೋಡಿದೆಯೋ ಹೊರಗಿನಿಂದ ಗೊತ್ತಾಗುವುದಿಲ್ಲ.

ಆಮೇಲೆ ಅತ್ತೆ. ನಿಮ್ಮ ಮನೆಯಲ್ಲೂ ಈ ಮಾತು ಬಂದೇ ಬರುತ್ತದೆ: ಪಾಪುನ ನಾನು ಮಡಿಲಲ್ಲಿ ಇಟ್ಟುಕೊಳ್ಳುತ್ತೇನೆ, ಅದನ್ನು ಯಾಕೆ ಕಟ್ಟಿಹಾಕುತ್ತೀರಿ ಅಂತ. ನಮ್ಮಮ್ಮ ಅತ್ತೇಬಿಟ್ಟರು. ನಾನು ಲೆಕ್ಕ ಹಾಕಿ ಹೇಳಿದೆ. 50 ಕಿಲೋಮೀಟರ್ ವೇಗದ ಗಾಡಿ ಎಲ್ಲಾದರೂ ಗುದ್ದಿ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತರೆ, 6 ಕೆಜಿ ಮಗುವನ್ನು ಹಿಡಿದುಕೊಳ್ಳಲು 80 ಕೆಜಿಗೂ ಜಾಸ್ತಿ ಬಲ ಬೇಕು. ಯಾವ ಅಜ್ಜಿಯ ಕೈಯಲ್ಲೂ ಅದು ಆಗುವುದಿಲ್ಲ, ಪ್ರೀತಿ ಎಷ್ಟೇ ಇರಲಿ. ಆದರೆ ಅಮ್ಮ ಒಪ್ಪಿದ್ದು ಲೆಕ್ಕಕ್ಕಲ್ಲ. ಎರಡು ವಾರ ಮೊದಲೇ ಸೀಟನ್ನು ಮನೆಗೆ ತಂದು, ಹಾಲ್‌ನಲ್ಲಿಟ್ಟು, ದಿನಾ ಹತ್ತು ನಿಮಿಷ ಮಗುವನ್ನು ಅದರಲ್ಲಿ ಕೂರಿಸಿದೆವು. ಅಮ್ಮ ಪಕ್ಕದಲ್ಲಿ ಕೂತು ಮಾತಾಡಿಸುತ್ತಿದ್ದರು. ಗಾಡಿಯಲ್ಲೂ ಪಕ್ಕದಲ್ಲೇ ಕೂತರು, ದಾರಿ ಪೂರ್ತಿ ಪುಟ್ಟಿ ಅವರ ಬೆರಳು ಹಿಡಿದುಕೊಂಡಿದ್ದಳು.

ಅತ್ತೆಗೆ ಗಾಡಿ ಆಗುತ್ತದಾ ಅಂತ ನೋಡಲು, ಮನೆಯಲ್ಲಿ ಅವರು ಸಲೀಸಾಗಿ ಕೂತು ಏಳುವ ಕುರ್ಚಿ ಯಾವುದು ಕೇಳಿ, ಅದರ ಎತ್ತರ ಅಳೆಯಿಸಿ. ಗಾಡಿ ಸೀಟು ನೆಲದಿಂದ ಎಷ್ಟಿದೆ ಅಂತ ಟೇಪ್ ಹಿಡಿದು ಹೋಲಿಸಿ.

ಕೆಎ 09:

ಪುಟ್ಟಿ ಅಮ್ಮ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. 14 ವರ್ಷದ ಒಳಗಿನ ಮಗುವನ್ನು ಬೆಲ್ಟ್ ಅಥವಾ ಚೈಲ್ಡ್ ಸೀಟ್ ಇಲ್ಲದೆ ಕರೆದುಕೊಂಡು ಹೋದರೆ ಮೋಟಾರು ವಾಹನ ಕಾಯ್ದೆಯ 194ಬಿ ಪ್ರಕಾರ 1000 ರೂಪಾಯಿ ದಂಡ ಇದೆ. ಪೊಲೀಸರು ದಂಡ ಹಾಕುವುದು ಅಪರೂಪ, ಆದರೆ ಕಾನೂನು ಇದೆ.

ಗಾಡಿಯನ್ನು ಗುದ್ದಿಸಿ ಸುರಕ್ಷತೆ ನೋಡುವ ಗ್ಲೋಬಲ್ ಎನ್‌ಕ್ಯಾಪ್ ಟೆಸ್ಟಲ್ಲಿ ದೊಡ್ಡವರ ಸ್ಟಾರ್ ಬೇರೆ, ಮಕ್ಕಳ ಸ್ಟಾರ್ ಬೇರೆ. ಜಾಹೀರಾತಿನಲ್ಲಿ ಬರುವುದು ಮೊದಲನೆಯದು ಮಾತ್ರ. 2018ರ ಕೊನೆಗೆ ನೆಕ್ಸಾನ್‌ಗೆ ದೊಡ್ಡವರಿಗೆ 5, ಮಕ್ಕಳಿಗೆ 3. 2020ರ ಜನವರಿಯಲ್ಲಿ ಎಕ್ಸ್‌ಯುವಿ 300ಗೆ 5 ಮತ್ತು 4. ಬ್ರೆಝಾಗೆ 2018ರಲ್ಲಿ 4 ಮತ್ತು 2. 2022ರಲ್ಲಿ ಟೆಸ್ಟ್ ಮಾಡಿದ ಕ್ರೆಟಾಗೆ 3 ಮತ್ತು 3, ಅದು 2020ರಲ್ಲಿ ಬಂದ ಹೊಸ ಮಾಡೆಲ್, ನೀವು ನೋಡುತ್ತಿರುವ ಹಳೆಯದಲ್ಲ. ನನಗಾದರೆ ಎಕ್ಸ್‌ಯುವಿ 300 ಪೆಟ್ರೋಲ್. ಅಗಲ 1821 ಮಿಲಿಮೀಟರ್, ಹಿಂದೆ ಸೀಟ್ ಹಾಕಿ ಇಬ್ಬರು ಕೂರಬಹುದು. ಡಿಕ್ಕಿ ಮಾತ್ರ ಚಿಕ್ಕದು.

ದೆಹಲಿಯ ಗಾಡಿ ಕಡಿಮೆ ರೇಟಿಗೆ ಸಿಗುತ್ತದೆ ಅಂತ ಹೋಗಬೇಡಿ. ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ತಂದು, ಇಲ್ಲಿ ಮತ್ತೆ ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಿದರೆ ಉಳಿಸಿದ್ದು ಅಲ್ಲಿಗೇ ಹೋಯ್ತು. ಲೋನ್ ಇದ್ದ ಗಾಡಿಯಾದರೆ ಬ್ಯಾಂಕಿನ ಎನ್‌ಒಸಿ ಮತ್ತು ಆರ್‌ಸಿಯಿಂದ ಲೋನ್ ತೆಗೆಸುವ ಫಾರಂ 35 ಕೈಗೆ ಬರದೆ ಪೂರ್ತಿ ದುಡ್ಡು ಕೊಡಬೇಡಿ. ಇನ್ಶೂರೆನ್ಸ್ 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿ.

ತೀರ್ಥಹಳ್ಳಿ ಅಳಿಯ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎರಡು ಭಾನುವಾರ ಸೀಟ್ ಹೊತ್ತುಕೊಂಡು ಸುತ್ತಿದೆ. ಮೊದಲನೇ ಗಾಡಿ ನೋಡಲು ಚೆನ್ನಾಗಿತ್ತು, ಸೀಟ್ ಹಾಕಿದ ಮೇಲೆ ಮುಂದೆ ನನ್ನ ಹೆಂಡತಿ ಕೂರುವ ಜಾಗವೇ ಇರಲಿಲ್ಲ. ಎರಡನೆಯದರಲ್ಲಿ ಎಲ್ಲಾ ಸರಿ ಹೋಯ್ತು, ರೇಟೂ ಕಡಿಮೆ. ಬೆಲ್ಟ್ ಕೊನೆ ತನಕ ಎಳೆದೆ, ಒಣಗಿದ ಕೆಸರು. ಗ್ಯಾರೇಜ್ ಸರ್, ನೀವು ಹೇಳದಿದ್ದರೆ ಅವತ್ತೇ ಅಡ್ವಾನ್ಸ್ ಕೊಟ್ಟುಬಿಡುತ್ತಿದ್ದೆ.

ಮೂರನೆಯದು 2020ರ ಎಕ್ಸ್‌ಯುವಿ 300 ಪೆಟ್ರೋಲ್, ಸಿಂಗಲ್ ಓನರ್, 41 ಸಾವಿರ ಓಡಿದೆ. ಸೀಟ್ ಕೂತಿತು, ಪಕ್ಕದಲ್ಲಿ ನಾನೇ ಕೂತು ನೋಡಿದೆ. ಅತ್ತೆ ಸಂಜೆ ಹೊತ್ತು ಕೂರುವ ಜಗುಲಿಯ ಬೆಂಚನ್ನು ಮಾವ ಅಳೆದು ಹೇಳಿದರು, 23 ಇಂಚು. ಗಾಡಿ ಸೀಟು 26. ಮೂರು ಇಂಚು ಕಷ್ಟ ಆಗಲ್ಲ, ಕೈಗೆ ಹಿಡಿ ಇದ್ದರೆ ಸಾಕು ಅಂದರಂತೆ. ನಾಳೆ ಪರಿಚಯದ ಮೆಕ್ಯಾನಿಕ್‌ಗೆ ತೋರಿಸುತ್ತೇನೆ.

ಪುಟ್ಟಿ ಅಮ್ಮ, ಅಷ್ಟು ದೂರ ಮಗುವನ್ನು ಸೀಟಲ್ಲೇ ಇಡಬಹುದಾ? 300 ಕಿಲೋಮೀಟರ್ ಮೇಲಾಗುತ್ತದೆ.

ಪುಟ್ಟಿ ಅಮ್ಮ:

ಒಂದೇ ಸಮನೆ ಬೇಡ. ಒಂದೂವರೆ ಗಂಟೆ, ಹೆಚ್ಚೆಂದರೆ ಎರಡು ಗಂಟೆಗೊಮ್ಮೆ ನಿಲ್ಲಿಸಿ, ಸೀಟಿಂದ ಎತ್ತಿ, ಹಾಲು ಕುಡಿಸಿ, ಮೈ ನೀಡಿ ಮಲಗಲು ಬಿಡಿ. ಶಿವಮೊಗ್ಗ ದಾಟುವ ಮುಂಚೆ ಒಮ್ಮೆ, ಕಡೂರಿನಲ್ಲಿ ಒಮ್ಮೆ, ತಿಪಟೂರಿನಲ್ಲಿ ಒಮ್ಮೆ, ತುಮಕೂರಿನಲ್ಲಿ ಒಮ್ಮೆ ಅಂತ ಇಟ್ಟುಕೊಳ್ಳಿ. ನಿಲ್ಲಿಸಿದಾಗ ಅತ್ತೆ ಮಡಿಲಿಗೇ ಕೊಡಿ, ಅಲ್ಲಿ ತನಕ ಅವರೂ ಕಾಯುತ್ತಿರುತ್ತಾರೆ. ಮಧ್ಯೆ ಅತ್ತರೆ ಗಾಡಿ ಪಕ್ಕಕ್ಕೆ ಹಾಕಿಯೇ ಎತ್ತಿಕೊಳ್ಳಬೇಕು, ಓಡುವಾಗ ಬೆಲ್ಟ್ ಬಿಚ್ಚಬಾರದು. ಇದನ್ನು ಹೊರಡುವ ಹಿಂದಿನ ರಾತ್ರಿಯೇ ಮೂವರೂ ಕೂತು ಮಾತಾಡಿಕೊಳ್ಳಿ.